ಮಾಯದ ಸಕ್ಕರೆ ಹುಣ್ಣು: ಪಾದದ ಗಾಯದಿಂದ ಲೋಳೆಪದರ ಕಳಚುವುದು, ಮತ್ತೆ ಕಟ್ಟದಂತೆ ಕಾಯುವುದು

ಆಟಿಯ ಮಳೆಗೆ ಮುರಕಲ್ಲಿನ ಮೆಟ್ಟಿಲಲ್ಲಿ ಹಾವಸೆ ಕಟ್ಟಿದರೆ ಕಾಸರಗೋಡಿನ ಕಡೆಯವರು ಅದರ ಮೇಲೆ ಬರೀ ಬ್ಲೀಚಿಂಗ್ ಪೌಡರ್ ಎರಚಿ ಸುಮ್ಮನಾಗುವುದಿಲ್ಲ. ಹಾಗೆ ಮಾಡಿದರೆ ಮೇಲಿನ ಹಸಿರು ಬಿಳಿಚುತ್ತದೆ, ಎಂಟು ದಿನ ಕಳೆದರೆ ಮತ್ತೆ ಕಾಲು ಜಾರುತ್ತದೆ. ಮೊದಲು ಗಟ್ಟಿ ಬ್ರಶ್ಶಿನಿಂದ ಕೆರೆಯಬೇಕು, ಕೆರೆದ ಕೂಡಲೇ ಪೌಡರ್ ಹಾಕಬೇಕು, ಆಮೇಲೆ ಅಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ತಿಂಗಳುಗಟ್ಟಲೆ ಉಳಿದ ಹುಣ್ಣಿನ ಚಿಕಿತ್ಸೆಯೂ ಇದೇ ಅನುಕ್ರಮದಲ್ಲಿ ನಡೆಯುತ್ತದೆ. ಕೆರೆಯುವುದು ಮೊದಲು, ಔಷಧಿ ಅದರ ಬೆನ್ನಿಗೆ, ಭಾರ ಮತ್ತು ಒದ್ದೆ ತಪ್ಪಿಸುವುದು ಎಲ್ಲ ಹೊತ್ತೂ. ಮನೆಮನೆಗಳಲ್ಲಿ ಆಗುತ್ತಿರುವ ತಪ್ಪು ಏನೆಂದರೆ, ಕೆರೆಯುವ ಕೆಲಸವನ್ನೇ ಬಿಟ್ಟು ಆಂಟಿಬಯೋಟಿಕ್ ಮಾತ್ರೆಯ ಹೆಸರನ್ನು ಮಾತ್ರ ಬದಲಿಸುತ್ತಾ ಹೋಗುವುದು. (ಬ್ಲೀಚಿಂಗ್ ಪೌಡರ್ ಮೆಟ್ಟಿಲಿಗೆ ಮಾತ್ರ. ಗಾಯಕ್ಕೆ ಅದು ಎಂದೂ ತಾಗಬಾರದು.)

ಹುಣ್ಣಿನ ಮೇಲೆ ಕಟ್ಟುವ ಈ ಹಾವಸೆಗೆ ವೈದ್ಯರು ಬಯೋಫಿಲ್ಮ್ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳು ಒಂಟಿಯಾಗಿ ತೇಲುವುದನ್ನು ಬಿಟ್ಟು ಗಾಯದ ತಳಕ್ಕೆ ಅಂಟಿಕೊಳ್ಳುತ್ತವೆ, ಗುಂಪು ಕಟ್ಟುತ್ತವೆ, ತಮ್ಮ ಸುತ್ತ ಒಂದು ಲೋಳೆಯನ್ನು ತಾವೇ ಸುರಿಸುತ್ತವೆ. ಸಕ್ಕರೆಯಂಥ ಪದಾರ್ಥಗಳ ಉದ್ದನೆಯ ಸರಪಳಿ, ಪ್ರೋಟೀನು, ಸತ್ತ ಕಣಗಳಿಂದ ಹೊರಬಿದ್ದ ಡಿಎನ್‌ಎ ಸೇರಿ ಆ ಲೋಳೆ ಆಗಿರುತ್ತದೆ. ಹಲ್ಲಿನ ಮೇಲೆ ಬೆಳಗ್ಗೆ ನಾಲಿಗೆಗೆ ಸಿಗುವ ಅಂಟು ಕೂಡ ಇದೇ ಜಾತಿಯದು. ಬಾಯಿ ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಉಜ್ಜಲೇಬೇಕು. ಪಾದದ ಹುಣ್ಣಿನಲ್ಲಿ ಸಾಮಾನ್ಯವಾಗಿ ಸಿಗುವವು ಸ್ಟೆಫೈಲೊಕಾಕಸ್ ಆರಿಯಸ್, ಸ್ಯೂಡೋಮೊನಾಸ್, ಎಂಟರೊಕಾಕಸ್, ಜೊತೆಗೆ ಗಾಳಿಯಿಲ್ಲದ ಆಳದಲ್ಲಿ ಬದುಕುವ ಕೆಲವು ಜಾತಿಗಳು. ಹೆಚ್ಚಾಗಿ ಒಂದೇ ಪದರದಲ್ಲಿ ಹಲವು ಜಾತಿಗಳು ಒಟ್ಟಿಗೆ ಇರುತ್ತವೆ.

2008ರಲ್ಲಿ ಅಮೆರಿಕದ ಮೊಂಟಾನಾದ ಸಂಶೋಧಕರು 50 ಹಳೆಯ ಗಾಯಗಳ ಮತ್ತು 16 ಹೊಸ ಗಾಯಗಳ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಳೆಯವುಗಳಲ್ಲಿ ಶೇ. 60ರಲ್ಲಿ ಈ ಪದರ ಇತ್ತು, ಹೊಸ 16ರಲ್ಲಿ ಒಂದರಲ್ಲಿ ಮಾತ್ರ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಹಳೆಯ ಗಾಯಗಳ ಲೆಕ್ಕ ಶೇ. 78ರ ಹತ್ತಿರ ಬಂತು. ಹಾಗಾಗಿ ನಾಲ್ಕಾರು ವಾರ ದಾಟಿದ ಸಕ್ಕರೆ ಹುಣ್ಣಿನಲ್ಲಿ ಲೋಳೆಪದರ ಇದೆಯೋ ಇಲ್ಲವೋ ಎಂದು ಕಾಯುತ್ತಾ ಕೂರಬೇಕಾಗಿಲ್ಲ. ಇದೆ ಎಂದು ತಿಳಿದೇ ಕೆಲಸ ಶುರು ಮಾಡುವುದು ಸರಿ.

ಮಾತ್ರೆ ಏಕೆ ಸೋಲುತ್ತದೆ

ಲೋಳೆಯ ಒಳಗೆ ಆಮ್ಲಜನಕ ಕಡಿಮೆ, ಆಹಾರ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ, ಕೆಲವು ನಿದ್ದೆ ಹೋದ ಹಾಗೆ ಇರುತ್ತವೆ. ಹೆಚ್ಚಿನ ಆಂಟಿಬಯೋಟಿಕ್‌ಗಳು ಬೆಳೆಯುವ, ಹೋಳಾಗುವ ಕಣವನ್ನು ಕೊಲ್ಲುವಂಥವು. ನಿದ್ದೆಯಲ್ಲಿರುವುದಕ್ಕೆ ಅವು ತಟ್ಟುವುದಿಲ್ಲ. ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರಮಾಣಕ್ಕಿಂತ ನೂರರಿಂದ ಸಾವಿರ ಪಟ್ಟು ಹೆಚ್ಚು ಔಷಧಿಯನ್ನೂ ಪದರದೊಳಗಿನವು ತಾಳಿಕೊಳ್ಳಬಲ್ಲವು. ಅಷ್ಟು ಔಷಧಿಯನ್ನು ಮನುಷ್ಯನ ದೇಹಕ್ಕೆ ಕೊಡಲಾಗುವುದಿಲ್ಲ. ಇದರ ಮೇಲೆ, ಸಕ್ಕರೆ ಕಾಯಿಲೆಯಿಂದ ಪಾದದ ರಕ್ತನಾಳ ಕಟ್ಟಿದ್ದರೆ ನುಂಗಿದ ಮಾತ್ರೆ ಗಾಯದವರೆಗೆ ತಲಪುವುದೇ ಕಷ್ಟ.

ಮಾತ್ರೆ ತೆಗೆದುಕೊಂಡಾಗ ತೇಲುವವು ಸಾಯುತ್ತವೆ. ವಾಸನೆ, ನೀರು, ಕೆಂಪು ಕಡಿಮೆಯಾಗುತ್ತದೆ. ನಿಲ್ಲಿಸಿ ವಾರ ಹತ್ತು ದಿನಕ್ಕೆ ಪದರದಿಂದ ಹೊಸ ದಂಡು ಹೊರಟು ಗಾಯ ಮತ್ತೆ ಹಳೆಯದೇ ಆಗುತ್ತದೆ. ಇಷ್ಟರಲ್ಲಿ ದೇಹದ ಬಿಳಿ ರಕ್ತಕಣಗಳೂ ಸುಮ್ಮನಿರುವುದಿಲ್ಲ. ಪದರವನ್ನು ನುಂಗಲಾಗದೆ ಅವು ಸುರಿಸುವ ಕಿಣ್ವಗಳು ಹೊಸದಾಗಿ ಹುಟ್ಟುವ ಮಾಂಸವನ್ನೇ ಕರಗಿಸುತ್ತವೆ. ಹುಣ್ಣು ದೊಡ್ಡದಾಗದೆ, ಸಣ್ಣದೂ ಆಗದೆ ಅಲ್ಲೇ ನಿಲ್ಲುವುದು ಇದರಿಂದ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೋಂಕಿನ ಲಕ್ಷಣ ಇಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಬೇಡ. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯಗುಂಪಿನ 2023ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಗಾಯ ಬೇಗ ಮಾಯಲಿ, ಮುಂದೆ ಸೋಂಕು ಬಾರದಿರಲಿ ಎಂದು ಕೊಡುವ ಮಾತ್ರೆಯಿಂದ ಆಗುವುದು ಹೊಟ್ಟೆ ಕೆಡುವುದು ಮತ್ತು ಮುಂದಿನ ಸಲ ನಿಜಕ್ಕೂ ಬೇಕಾದಾಗ ಔಷಧಿ ನಾಟದಿರುವುದು.

ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಪದರ ಬರಿಗಣ್ಣಿಗೆ ಕಾಣುವುದಿಲ್ಲ. ಗಾಯದ ಮೇಲಿನ ಹಳದಿ ಕೊಳೆಮಾಂಸ ಬಯೋಫಿಲ್ಮ್ ಅಲ್ಲ, ಆದರೆ ಅದು ಸೊಗಸಾಗಿ ಬೇರೂರುವ ಜಾಗ. ಅನುಮಾನ ಬರಬೇಕಾದ ಗುರುತುಗಳು ಹೀಗಿವೆ: ಒರಸಿದರೆ ಸುಲಭವಾಗಿ ಬರುವ, ಹೊಳೆಯುವ ಲೋಳೆ ಒಂದೆರಡು ದಿನದಲ್ಲಿ ಮತ್ತೆ ಕಟ್ಟುವುದು; ಮಾಂಸ ತುಂಬಾ ಮೆದುವಾಗಿ ಗಾಜ್ ಬಟ್ಟೆ ತಾಗಿದರೂ ರಕ್ತ ಬರುವುದು; ಮಾತ್ರೆಯಿದ್ದಾಗ ಸುಧಾರಿಸಿ, ನಿಲ್ಲಿಸಿದಾಗ ಹಿಂದಕ್ಕೆ ಬೀಳುವುದು; ಸಕ್ಕರೆ, ಚಪ್ಪಲಿ, ಡ್ರೆಸ್ಸಿಂಗ್ ಎಲ್ಲ ಸರಿಯಿದ್ದರೂ ಅಳತೆ ಇಳಿಯದಿರುವುದು. ಡ್ರೆಸ್ಸಿಂಗಿನ ಮೇಲೆ ತಿಳಿಹಸಿರು ಕಲೆ ಬಂದರೆ ಸ್ಯೂಡೋಮೊನಾಸ್ ಇರಬಹುದೆಂದು ನರ್ಸಿಗೆ ತಿಳಿಸಿ. ಆ ಕಲೆಯ ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹತ್ತಿಕಡ್ಡಿಯಿಂದ ಮೇಲೆ ಒರಸಿ ಲ್ಯಾಬಿಗೆ ಕಳಿಸುವ ಸ್ವಾಬ್ ಪರೀಕ್ಷೆಯನ್ನು ನಂಬಿ ಕೂರಬೇಡಿ. ಅದರಲ್ಲಿ ಬೆಳೆಯುವುದು ಮೇಲೆ ಕುಳಿತ, ಚರ್ಮದ ಮೇಲಿನ ಬ್ಯಾಕ್ಟೀರಿಯಾ. ಆಳದಲ್ಲಿ ಇರುವುದು ಬೇರೆಯೇ ಆಗಿರಬಹುದು. ಸೋಂಕು ಇದ್ದರೆ ಗಾಯವನ್ನು ತೊಳೆದು, ಕೊಳೆತದ್ದನ್ನು ಕೆರೆದು ತೆಗೆದ ಮೇಲೆ ತಳದಿಂದ ತೆಗೆದ ಮಾಂಸದ ಚೂರೇ ಸರಿಯಾದ ಮಾದರಿ. ಅದನ್ನು ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ತೆಗೆಯಬೇಕು. ಸೋಂಕು ಇಲ್ಲದಿದ್ದರೆ ಮಾದರಿ ಕಳಿಸುವುದೇ ಬೇಡ. ಯಾವ ಹುಣ್ಣಿನಿಂದ ಕಳಿಸಿದರೂ ಏನಾದರೊಂದು ಬೆಳೆಯುತ್ತದೆ, ಆ ವರದಿಯನ್ನು ನೋಡಿ ಮಾತ್ರೆ ಶುರುವಾಗುತ್ತದೆ.

ಕೆರೆಯುವ ಮೊದಲು: ರಕ್ತ ಬರುತ್ತಿದೆಯೇ

ಇದನ್ನು ದಾಟಿ ಮುಂದೆ ಹೋಗಬಾರದು. ಪಾದದ ಮೇಲ್ಭಾಗದಲ್ಲಿ ಒಂದು, ಕಣಕಾಲಿನ ಒಳಬದಿಯ ಎಲುಬುಗಂಟಿನ ಹಿಂದೆ ಒಂದು, ಹೀಗೆ ಎರಡು ನಾಡಿಗಳಿವೆ. ಬೆರಳಿಗೆ ಅವು ಸಿಗದಿದ್ದರೆ ಡಾಪ್ಲರ್ ಯಂತ್ರದಿಂದ ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡ ಅಳೆದು ಅನುಪಾತ ನೋಡುತ್ತಾರೆ, ಇದೇ ಎಬಿಐ. 0.9ರಿಂದ 1.3ರವರೆಗೆ ಸಾಮಾನ್ಯ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕೂತು ಗಟ್ಟಿಯಾಗುವುದರಿಂದ ಈ ಸಂಖ್ಯೆ 1.3 ದಾಟಿ ಸುಳ್ಳೇ ಚೆನ್ನಾಗಿ ಕಾಣುವುದುಂಟು. ಆಗ ಕಾಲಿನ ಹೆಬ್ಬೆರಳಿನ ರಕ್ತದೊತ್ತಡವನ್ನೇ ಅಳೆಯಬೇಕು. ಹೆಬ್ಬೆರಳಿನಲ್ಲಿ 30ಕ್ಕಿಂತ ಕಡಿಮೆ, ಕಣಕಾಲಿನಲ್ಲಿ 50ಕ್ಕಿಂತ ಕಡಿಮೆ ಅಥವಾ ಎಬಿಐ 0.4ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ರಕ್ತನಾಳದ ತಜ್ಞರಿಗೆ ತೋರಿಸಬೇಕು. ರಕ್ತವಿಲ್ಲದ ಪಾದವನ್ನು ಕೆರೆದರೆ ಆ ಕೆರೆದ ಗಾಯವೂ ಮಾಯುವುದಿಲ್ಲ, ಮೊದಲಿಗಿಂತ ದೊಡ್ಡ ಹುಣ್ಣು ಉಳಿಯುತ್ತದೆ.

ಬೆರಳ ತುದಿಯಲ್ಲಿ ಒಣಗಿ ಕಪ್ಪಾಗಿ, ಮರದ ತೊಗಟೆಯಂತೆ ಗಟ್ಟಿಯಾದ ಭಾಗ ಇದ್ದರೆ, ನೀರು, ಕೀವು, ವಾಸನೆ ಇಲ್ಲದಿದ್ದರೆ, ಅದನ್ನು ನೆನೆಸಬೇಡಿ, ಎಣ್ಣೆ ಹಚ್ಚಬೇಡಿ, ಕೀಳಬೇಡಿ. ರಕ್ತ ಸಂಚಾರ ಸರಿಯಾಗುವವರೆಗೆ ಒಣಗಿಯೇ ಇರಲಿ.

ಆಸ್ಪತ್ರೆಯಲ್ಲಿ ಕೆರೆಯುವ ದಿನ

ಡಿಬ್ರೈಡ್‌ಮೆಂಟ್ ಎಂದರೆ ಇದೇ. ಸರ್ಜನ್ ಅಥವಾ ಇದರಲ್ಲಿ ಪಳಗಿದ ಪಾದತಜ್ಞರು, ನರ್ಸ್ ಮಾಡಬೇಕಾದ ಕೆಲಸ. ಮನೆಯಲ್ಲಿ ಬ್ಲೇಡು, ಉಗುರು ಕತ್ತರಿ ಹಿಡಿದು ಕೂರಬಾರದು. ಸ್ಪರ್ಶವಿಲ್ಲದ ಪಾದದಲ್ಲಿ ಎಷ್ಟು ಆಳಕ್ಕೆ ಹೋಯಿತು ಎಂದು ನೋವು ಹೇಳುವುದಿಲ್ಲ, ಕೆಳಗೆ ಸ್ನಾಯುಬಳ್ಳಿಯೂ ಎಲುಬೂ ಇರುತ್ತವೆ.

ಮೊದಲು ಇಡೀ ಪಾದವನ್ನು ಸಾಬೂನು ನೀರಿನಿಂದ ತೊಳೆಯುತ್ತಾರೆ. ಗಾಯದ ಸುತ್ತಲಿನ 10ರಿಂದ 20 ಸೆಂ.ಮೀ. ಚರ್ಮವೂ ಶುಚಿಯಾಗಬೇಕು. ಹೊಟ್ಟು, ಹಳೆಯ ಮುಲಾಮು, ಒಣಗಿದ ಪುಡಿ ಇಲ್ಲೇ ಸೇರಿಕೊಂಡಿರುತ್ತದೆ. ಆಮೇಲೆ ಸ್ಕಾಲ್ಪೆಲ್ ಅಥವಾ ಚಮಚದಂಥ ಕ್ಯುರೆಟ್‌ನಿಂದ ತಳವನ್ನು ಕೆರೆಯುತ್ತಾರೆ, ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ತಳದಿಂದ ಏಳುವವರೆಗೆ. ಮಾಂಸ ಬದುಕಿದೆ ಎಂಬುದಕ್ಕೆ ಆ ಚುಕ್ಕೆಗಳೇ ಸಾಕ್ಷಿ. ಬಳಿಕ ಅಂಚು. ಹುಣ್ಣಿನ ಸುತ್ತ ಗಟ್ಟಿಯಾಗಿ ಬಿಳಿಚಿದ ಆಣಿಯ ಬಳೆಯನ್ನು ಕೆತ್ತಿ ತೆಗೆಯದಿದ್ದರೆ ಹೊಸ ಚರ್ಮಕ್ಕೆ ಒಳಗೆ ಹರಿದುಬರಲು ದಾರಿಯಿಲ್ಲ, ಆ ಗಟ್ಟಿ ಬಳೆಯೇ ನಡೆದಾಗ ಕಲ್ಲಿನಂತೆ ಒತ್ತುತ್ತದೆ. ಅಂಚಿನ ಅಡಿಯಲ್ಲಿ ಜೇಬಿನಂತೆ ಟೊಳ್ಳು ಇದ್ದರೆ ಅದನ್ನೂ ತೆರೆಯಬೇಕು. ಲೋಳೆಪದರ ಅಡಗಿ ಉಳಿಯುವುದು ಇಂಥ ಮೂಲೆಗಳಲ್ಲಿ. ತಳ ಚೆನ್ನಾಗಿ ಕೆರೆದು ಅಂಚು ಮರೆತರೆ ಅರ್ಧ ಕೆಲಸವಷ್ಟೇ ಆಯಿತು.

ಮೊಂಡು ತುದಿಯ ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ಹಾಕಿ ನೋಡುವುದೂ ಅದೇ ಹೊತ್ತಿಗೆ ಆಗಲಿ. ಕಲ್ಲಿಗೆ ತಾಗಿದಂತೆ ಟಕ್ ಎಂದರೆ ಎಲುಬಿಗೆ ಸೋಂಕು ಹೋಗಿರುವ ಸಂಭವ ಇದೆ. ಎಕ್ಸ್-ರೇ ಮೊದಲ ಎರಡು ಮೂರು ವಾರ ಏನೂ ತೋರಿಸದೆ ಇರಬಹುದು, ಆದ್ದರಿಂದ ಒಂದು ಸಲ ಸರಿಯಿದೆ ಎಂದು ಬಂದರೆ ಅಲ್ಲಿಗೆ ನಿಶ್ಚಿಂತೆ ಬೇಡ. ಇಡೀ ಬೆರಳು ಉದ್ದುದ್ದಕ್ಕೆ ಊದಿ ಕೆಂಪಾದರೂ ಎಲುಬನ್ನೇ ಶಂಕಿಸಿ. ಎಲುಬಿನ ಸೋಂಕಿಗೆ, ಎಲುಬು ತೆಗೆಯದೆ ಚಿಕಿತ್ಸೆ ಮಾಡುವುದಾದರೆ, ಆಂಟಿಬಯೋಟಿಕ್ ಸುಮಾರು 6 ವಾರ ಬೇಕಾಗುತ್ತದೆ. ಬರೀ ಮಾಂಸ ಚರ್ಮದ ಸೋಂಕಿಗೆ ಸಾಮಾನ್ಯವಾಗಿ 1ರಿಂದ 2 ವಾರ ಸಾಕು.

ಹೋಗುವಾಗ ರಕ್ತ ತೆಳುಮಾಡುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಇದ್ದರೆ ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಮನೆಗೆ ಬಂದ ಮೇಲೆ ಕಟ್ಟಿನ ಮೇಲೆ ರಕ್ತ ಒಸರಿದರೆ ಕಾಲನ್ನು ಎತ್ತರಕ್ಕಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆರೆದು ನೋಡಬೇಡಿ. ಆಗಲೂ ನಿಲ್ಲದಿದ್ದರೆ ವಾಪಸು ಹೋಗಬೇಕು.

ಒಂದು ಸಲ ಕೆರೆದರೆ ಮುಗಿಯುವುದಿಲ್ಲ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ, ತಳ ಕೆಂಪಗೆ ಗಟ್ಟಿಯಾಗುವವರೆಗೂ ನಡೆಯಬೇಕು. ಎರಡನೆಯ ಸಲ ಕರೆದಾಗ “ಮೊನ್ನೆ ಚೊಕ್ಕ ಮಾಡಿದ್ದಾರಲ್ಲ” ಎಂದು ಮನೆಯಲ್ಲೇ ಉಳಿಯುವವರು ಬಹಳ. ಹುಣ್ಣು ಹಿಂದಕ್ಕೆ ಬೀಳುವುದು ಆಗಲೇ.

ಮೊದಲ ಮೂರು ದಿನ

ಕೆರೆದ ಮೇಲೆ ಉಳಿದ ಚೂರುಪಾರು ಬ್ಯಾಕ್ಟೀರಿಯಾಗಳು ತೆರೆದ ಬಯಲಿಗೆ ಬಿದ್ದಂತಿರುತ್ತವೆ. ಔಷಧಿ ನಾಟುವುದು ಈ ಹೊತ್ತಿಗೆ. ಪದರ ಮತ್ತೆ ಗಟ್ಟಿಯಾಗಿ ಕಟ್ಟಲು 24ರಿಂದ 72 ಗಂಟೆ ಸಾಕು. ಹಾಗಾಗಿ ಕೆರೆದ ಗಾಯಕ್ಕೆ ಬರೀ ಗಾಜ್ ಕಟ್ಟಿ ಕಳಿಸಿದರೆ ಕೆರೆದ ಶ್ರಮದ ಬಹುಪಾಲು ವ್ಯರ್ಥವಾಗಬಹುದು. ಯಾವ ಔಷಧಿ, ಎಷ್ಟು ದಿನ ಎಂದು ಅಲ್ಲಿಯೇ ಕೇಳಿ ಬರೆಯಿಸಿಕೊಳ್ಳಿ.

ಪಿಎಚ್‌ಎಂಬಿ ಎಂಬ ಕ್ರಿಮಿನಾಶಕ ದ್ರಾವಣ ಶೇ. 0.1ರದ್ದು ಸಿಗುತ್ತದೆ. ಇದನ್ನು ಗಾಜ್‌ನಲ್ಲಿ ನೆನೆಸಿ ಗಾಯದ ಮೇಲೆ 10ರಿಂದ 15 ನಿಮಿಷ ಇಡಬೇಕು. ಸುಮ್ಮನೆ ಸುರಿದು ಒರಸಿದರೆ ಕೆಲಸ ಮಾಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕ್ಯಾಡೆಕ್ಸೋಮರ್ ಅಯೋಡಿನ್ ಎಂಬುದು ನೀರನ್ನು ಹೀರುತ್ತಾ ಅಯೋಡಿನ್ನನ್ನು ನಿಧಾನವಾಗಿ ಬಿಡುತ್ತದೆ, ಹೆಚ್ಚು ಒಸರುವ ಗಾಯಕ್ಕೆ ಹೊಂದುತ್ತದೆ. ಥೈರಾಯ್ಡ್ ತೊಂದರೆ, ಕಿಡ್ನಿ ಕೆಟ್ಟವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಬೆಳ್ಳಿ ಇರುವ ಡ್ರೆಸ್ಸಿಂಗನ್ನು ಎರಡು ವಾರ ಹಾಕಿ ನೋಡುತ್ತಾರೆ, ಬದಲಾವಣೆ ಇಲ್ಲದಿದ್ದರೆ ಬಿಡಬೇಕು. ಬೆಳ್ಳಿಯಿಂದ, ಜೇನಿನಿಂದ ಸಕ್ಕರೆ ಹುಣ್ಣು ಮಾಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲವೆಂದು ಅದೇ ಕಾರ್ಯಗುಂಪಿನ 2023ರ ಮಾರ್ಗಸೂಚಿ ಅವನ್ನು ವಾಡಿಕೆಯಾಗಿ ಬಳಸಲು ಹೇಳುವುದಿಲ್ಲ. ಕೆರೆಯುವುದನ್ನು ಮಾತ್ರ ಬಿಡದೆ ಮಾಡಲು ಹೇಳುತ್ತದೆ. ಕೈಯಲ್ಲಿ ಇರುವ ಹಣ ಕಡಿಮೆಯಾದರೆ ಅದು ಮೊದಲು ಹೋಗಬೇಕಾದ್ದು ಕೆರೆಯಿಸುವುದಕ್ಕೆ ಮತ್ತು ಕಾಲಿನ ಭಾರ ಇಳಿಸುವ ಬೂಟಿಗೆ, ಬೆಳ್ಳಿಯ ಪಟ್ಟಿಗೆ ಅಲ್ಲ.

ಮನೆಯಲ್ಲಿ ಕಟ್ಟು ಬದಲಿಸುವ ರೀತಿ

ಮೆಡಿಕಲ್ ಶಾಪಿನಿಂದ ತರಬೇಕಾದ್ದು: ಶೇ. 0.9ರ ನಾರ್ಮಲ್ ಸಲೈನ್ ಬಾಟಲಿ, 20 ಮಿ.ಲೀ. ಸಿರಿಂಜ್, ಮುಚ್ಚಿದ ಪ್ಯಾಕಿನ ಗಾಜ್, ಎರಡು ಜೊತೆ ಕೈಗವಸು, ಬರೆದುಕೊಟ್ಟ ಡ್ರೆಸ್ಸಿಂಗ್, ಸುತ್ತಲು ರೋಲರ್ ಬ್ಯಾಂಡೇಜ್, ಕಾಗದದ ಪ್ಲಾಸ್ಟರ್. ಹತ್ತಿ ಬೇಡ, ಅದರ ಎಳೆಗಳು ಗಾಯದಲ್ಲಿ ಉಳಿದು ಪದರಕ್ಕೆ ಹಂದರವಾಗುತ್ತವೆ. ಹಳೆಯ ಸೀರೆ, ಲುಂಗಿಯ ಚೂರು ಎಷ್ಟು ತೊಳೆದಿದ್ದರೂ ಬೇಡ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಒಣಗಿದ ಬಟ್ಟೆಯಂತೂ ಬೇಡವೇ ಬೇಡ.

ಸಾಬೂನಿನಿಂದ ಕೈ ತೊಳೆದು ಮೊದಲ ಜೊತೆ ಗವಸು ಹಾಕಿ. ಹಳೆಯ ಕಟ್ಟು ಅಂಟಿದ್ದರೆ ಎಳೆಯಬೇಡಿ, ಸಲೈನ್ ಹೊಯ್ದು ಐದು ನಿಮಿಷ ಬಿಡಿ, ತಾನಾಗಿ ಸಡಿಲುತ್ತದೆ. ತೆಗೆದದ್ದನ್ನು ಬಿಸಾಡುವ ಮೊದಲು ನೋಡಿ: ಎಷ್ಟು ನೆನೆದಿದೆ, ಯಾವ ಬಣ್ಣ, ವಾಸನೆ ನಿನ್ನೆಗಿಂತ ಹೆಚ್ಚೇ. ಗವಸು ಕಳಚಿ, ಮತ್ತೆ ಕೈ ತೊಳೆದು, ಹೊಸ ಜೊತೆ ಹಾಕಿಕೊಳ್ಳಿ. ಹಳೆಯ ಕಟ್ಟು ಮುಟ್ಟಿದ ಗವಸಿನಲ್ಲೇ ಹೊಸದನ್ನು ಇಡುವುದು ಮನೆಗಳಲ್ಲಿ ಆಗುವ ಅತಿ ಸಾಮಾನ್ಯ ತಪ್ಪು.

ಸಿರಿಂಜಿನಲ್ಲಿ ಸಲೈನ್ ತುಂಬಿ, ಸೂಜಿ ಇಲ್ಲದೆ, ನಾಲ್ಕೈದು ಅಂಗುಲ ದೂರದಿಂದ ಗಾಯದ ತಳಕ್ಕೆ ತಾಗುವಂತೆ ಬಿಡಿ. ಹುಣ್ಣು ಚಿಕ್ಕದಾದರೂ 100 ಮಿ.ಲೀ.ವರೆಗೆ ಧಾರಾಳವಾಗಿ ಬಳಸಿ. ಬಳಿಕ ನೆನೆಸಿದ ಗಾಜ್‌ನಿಂದ, ನಡುವಿನಿಂದ ಹೊರಗೆ, ಮೆತ್ತಗೆ ಆದರೆ ಹೆದರದೆ ಒರಸಿ. ತೇಲಿದ ಲೋಳೆ ಬರುವಷ್ಟು ಒತ್ತಡ ಬೇಕು, ರಕ್ತ ಸುರಿಯುವಷ್ಟಲ್ಲ. ತೆರೆದ ಸಲೈನ್ ಬಾಟಲಿ 24 ಗಂಟೆಯ ಮೇಲೆ ಗಾಯಕ್ಕೆ ಬೇಡ. ಸಣ್ಣ ಬಾಟಲಿ ಕೊಂಡರೆ ಚೆಲ್ಲುವುದು ಕಡಿಮೆ.

ಸುತ್ತಲಿನ ಚರ್ಮವನ್ನು, ಬೆರಳ ಸಂದುಗಳನ್ನು ಒಣ ಗಾಜ್‌ನಿಂದ ಒತ್ತಿ ಒಣಗಿಸಿ. ಗಾಯದ ತಳ ಮಾತ್ರ ತೇವವಾಗಿರಲಿ. ಕಟ್ಟು ಗಾಯದ ತಳಕ್ಕೆ ತಾಗಬೇಕು, ಆದರೆ ಗುಂಡಿಯೊಳಗೆ ಗಾಜ್ ತುರುಕಿ ಗಿಡಿಯಬಾರದು. ಬ್ಯಾಂಡೇಜಿನ ಸುತ್ತು ಬೆರಳುಗಳಿಂದ ಮೇಲಕ್ಕೆ, ಬೆರಳ ತುದಿಗಳು ಕಾಣುವಂತೆ. ರಕ್ತ ಸಂಚಾರ ಕಡಿಮೆಯಿರುವ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತುವುದು ಅಪಾಯ: ಬೆರಳು ತಣ್ಣಗಾದರೆ, ನೀಲಿಯಾದರೆ ತಕ್ಷಣ ಬಿಚ್ಚಿ. ಪ್ಲಾಸ್ಟರು ಬ್ಯಾಂಡೇಜಿಗೆ ಅಂಟಲಿ, ಚರ್ಮಕ್ಕೆ ಅಲ್ಲ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎನ್ನುವುದು ಒಸರುವಿಕೆಯ ಮೇಲಿದೆ. ಹೊರಗಿನ ಪದರಕ್ಕೆ ತೇವ ಬಂದಿದ್ದರೆ ಆಗಲೇ ಬದಲಿಸಿ. ಗಾಯದ ಸುತ್ತ ಚರ್ಮ ನೀರಿನಲ್ಲಿ ಹೆಚ್ಚು ಹೊತ್ತು ಕೆಲಸ ಮಾಡಿದ ಬೆರಳಿನಂತೆ ಬಿಳಿಚಿ ನೆರಿಗೆಗಟ್ಟಿದ್ದರೆ ಕಟ್ಟು ಸಾಲುತ್ತಿಲ್ಲ, ಫೋಮ್ ಅಥವಾ ಆಲ್ಜಿನೇಟ್‌ನಂಥ ಹೆಚ್ಚು ಹೀರುವುದನ್ನು ಕೇಳಿ. ತಳ ಒಣಗಿ ಕಟ್ಟು ಅಂಟುತ್ತಿದ್ದರೆ ಜೆಲ್ ಬೇಕು.

ಗಾಯದ ಮೇಲೆ ಹಾಕಬಾರದ್ದು ಬಹಳ ಇದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಡೆಟ್ಟಾಲ್ ಹೊಸ ಮಾಂಸವನ್ನು ಸುಡುತ್ತವೆ. ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಕೆಲವು ದಿನಕ್ಕೆ ಪ್ರಯೋಜನಕಾರಿ, ತಿಂಗಳುಗಟ್ಟಲೆ ಹಾಗೇ ಸುರಿದರೆ ಬೆಳೆಯುವ ಕಣಗಳಿಗೇ ಪೆಟ್ಟು. ಆಂಟಿಬಯೋಟಿಕ್ ಪುಡಿ ಒಸರಿನ ಜೊತೆ ಸೇರಿ ಗಾರೆಯಂತೆ ಗಟ್ಟಿಯಾಗಿ ಅಡಿಯಲ್ಲಿ ಪದರವನ್ನು ಕಾಪಾಡುತ್ತದೆ. ತೋಟದಲ್ಲಿ ಕತ್ತಿ ತಾಗಿದಾಗ ಜಜ್ಜಿ ಹಿಂಡುವ ಕಮ್ಯೂನಿಸ್ಟ್ ಸೊಪ್ಪು ಆರೋಗ್ಯವಂತರ ಹಸಿಗಾಯಕ್ಕೆ ರಕ್ತ ನಿಲ್ಲಿಸಲು ಬಳಸಿದ ಅಭ್ಯಾಸ. ಸಕ್ಕರೆ ಹುಣ್ಣಿಗೆ ಅದರ ಜೊತೆ ಹೋಗುವುದು ಮಣ್ಣು. ಅರಸಿನ, ಕಾಫಿಪುಡಿ, ಸುಣ್ಣ, ಹಸಿ ಪಪ್ಪಾಯಿ ಯಾವುದೂ ಬೇಡ. ಸೂಪರ್‌ಮಾರ್ಕೆಟಿನ ವಿನೆಗರ್ ಶೇ. 4–5ರ ಆಮ್ಲ. ಸ್ಯೂಡೋಮೊನಾಸ್‌ಗೆ ವೈದ್ಯರು ಶೇ. 0.5ರಿಂದ 1ರಷ್ಟು ತೆಳುವಾದುದನ್ನು ಹೇಳುವುದುಂಟು, ಆದರೆ ಅಡುಗೆಮನೆಯ ಬಾಟಲಿಯಿಂದ ನೇರ ಸುರಿದರೆ ಗಾಯ ಸುಡುತ್ತದೆ.

ಭಾರ ಇಳಿಸದೆ ಯಾವುದೂ ನಡೆಯದು

ಎಷ್ಟು ಚೊಕ್ಕವಾಗಿ ಕೆರೆದರೂ ಅದೇ ಜಾಗದ ಮೇಲೆ ನಡೆದರೆ ಹುಣ್ಣು ಮಾಯುವುದಿಲ್ಲ. ಪ್ರತಿ ಹೆಜ್ಜೆಗೂ ಹೊಸ ಕಣಗಳು ಅರೆಯಲ್ಪಡುತ್ತವೆ, ಸತ್ತ ಮಾಂಸ ಕೂಡುತ್ತದೆ, ಪದರಕ್ಕೆ ಹೊಸ ನೆಲ ಸಿಗುತ್ತದೆ. ಅಂಗಾಲಿನ ಮುಂಭಾಗದ ಹುಣ್ಣಿಗೆ ಮೊಣಕಾಲಿನವರೆಗೆ ಬರುವ, ಬಿಚ್ಚಲಾಗದ ಪ್ಲಾಸ್ಟರ್ ಅಥವಾ ಬೂಟು ಮೊದಲ ಆಯ್ಕೆ. ಬಿಚ್ಚಲಾಗದಿರುವುದೇ ಅದರ ಗುಣ: ಬಿಚ್ಚಬಹುದಾದ ಬೂಟನ್ನು ಜನ ಆಸ್ಪತ್ರೆಗೆ ಹೋಗುವಾಗ ಹಾಕುತ್ತಾರೆ, ಮನೆಯೊಳಗೆ ಮೂಲೆಯಲ್ಲಿ ಇಡುತ್ತಾರೆ. ರಕ್ತ ಸಂಚಾರ ತೀರಾ ಕಡಿಮೆಯಿದ್ದರೆ ಅಥವಾ ಜೋರು ಸೋಂಕು ಇದ್ದರೆ ಬಿಚ್ಚಲಾಗದ್ದು ಹಾಕುವುದಿಲ್ಲ. ಆಗ ಬಿಚ್ಚುವ ಬೂಟೇ ಗತಿ, ಅದನ್ನು ರಾತ್ರಿ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಗೂ ಹಾಕಬೇಕು.

ನಮ್ಮ ಕಡೆ ಹೊರಗಿನಿಂದ ಬಂದರೆ ಜಗಲಿಯಲ್ಲಿ ಕಾಲು ತೊಳೆದೇ ಒಳಗೆ ಬರುವುದು. ಗಾಯವಿರುವವರೆಗೆ ಆ ಕಾಲಿಗೆ ಇದನ್ನು ನಿಲ್ಲಿಸಬೇಕು. ಕಟ್ಟಿನೊಳಗೆ ನೀರು ಹೋದರೆ ಸಂಜೆಯವರೆಗೆ ಅಲ್ಲೇ ನಿಲ್ಲುತ್ತದೆ. ಅಡಿಕೆ ತೋಟಕ್ಕೆ, ಗದ್ದೆಗೆ ಇಳಿಯುವುದೂ ಬೇಡ. ಮಳೆಗಾಲದ ಕೆಸರಿನಿಂದ ತೆರೆದ ಗಾಯದ ಮೂಲಕ ಇಲಿಜ್ವರವೂ ಬರುತ್ತದೆ. ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಪ್ರದಕ್ಷಿಣೆ ಬಂದು ಅಂಗಾಲು ಸುಟ್ಟುಕೊಂಡದ್ದು ಸ್ಪರ್ಶವಿಲ್ಲದವರಿಗೆ ಗೊತ್ತೇ ಆಗುವುದಿಲ್ಲ. ಹಿರಿಯರಿಗೆ ಇದನ್ನು ಹೇಳುವುದು ಕಷ್ಟ. “ಅಜ್ಜ, ಮೂರು ತಿಂಗಳು ಹೊರಗಿನಿಂದಲೇ ಕೈಮುಗಿಯಿರಿ” ಎಂದು ಅವಧಿ ಹೇಳಿ ಕೇಳಿಕೊಂಡರೆ ಒಪ್ಪುವುದುಂಟು.

ಸಕ್ಕರೆ ಮತ್ತು ಊಟದ ಬಗ್ಗೆ ಸ್ವಲ್ಪ. ಹೆಚ್ಚಿನವರಿಗೆ ಬರಿಹೊಟ್ಟೆಯ ಸಕ್ಕರೆ 80ರಿಂದ 130ರೊಳಗೆ ಇರಬೇಕು. ಗಾಯ ಇರುವಷ್ಟು ಕಾಲ ಇನ್ಸುಲಿನ್ ಬೇಕೆಂದರೆ ಬೇಡ ಎನ್ನಬೇಡಿ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಮಾತ್ರದ ಪಥ್ಯದಿಂದ ಸಕ್ಕರೆ ಏರುತ್ತದೆ, ಮಾಂಸ ಬೆಳೆಯಲು ಪ್ರೋಟೀನು ಸಿಗುವುದಿಲ್ಲ. ಮೊಟ್ಟೆ, ಬಂಗುಡೆ, ಬೂತಾಯಿ, ಹೆಸರು, ಹುರುಳಿ, ಮೊಸರು ಇರಲಿ. ಮೀನು ತಿಂದರೆ ಗಾಯ ಕೀವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಿಡ್ನಿ ತೊಂದರೆಯವರು ಪ್ರೋಟೀನಿನ ಪ್ರಮಾಣ ಕೇಳಿಕೊಳ್ಳಬೇಕು. ಬೀಡಿ, ಸಿಗರೇಟು ನಿಲ್ಲಲೇಬೇಕು.

ಅಳತೆ ಇಟ್ಟುಕೊಳ್ಳಿ

ವಾರದ ಒಂದು ನಿಗದಿತ ದಿನ, ತೊಳೆದ ಮೇಲೆ, ಗಾಯದ ಪಕ್ಕ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅತಿ ಉದ್ದ, ಅದಕ್ಕೆ ಅಡ್ಡಲಾಗಿ ಅತಿ ಅಗಲ, ಎರಡನ್ನೂ ಗುಣಿಸಿ ಬರೆದಿಡಿ. ಇಂದು 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ ಎಂದರೆ 6. ನಾಲ್ಕು ವಾರಕ್ಕೆ ಅದು 3 ಅಥವಾ ಅದಕ್ಕೂ ಕಡಿಮೆ ಆಗಿರಬೇಕು. ಅರ್ಧಕ್ಕೆ ಇಳಿಯದಿದ್ದರೆ ಇದೇ ಚಿಕಿತ್ಸೆಯನ್ನು ಎಳೆಯುವುದರಲ್ಲಿ ಅರ್ಥವಿಲ್ಲ. ರಕ್ತ ಸಂಚಾರ, ಎಲುಬು, ಬೂಟು, ಕೆರೆಯುವ ಆಳ ಈ ನಾಲ್ಕನ್ನೂ ಮೊದಲಿನಿಂದ ನೋಡಬೇಕು. ಕೆರೆದ ದಿನ ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಲೆಕ್ಕ ಅಲ್ಲಿಂದ ಶುರುವಾಗಲಿ.

ಕಾಯದೆ ಹೊರಡಬೇಕಾದ ಹೊತ್ತು

ಊತ, ಬಿಸಿ, ನೋವು, ಗಾಯದ ಸುತ್ತ ಅರ್ಧ ಸೆಂ.ಮೀ.ಗಿಂತ ಹೆಚ್ಚು ಕೆಂಪು, ಕೀವು: ಈ ಐದರಲ್ಲಿ ಎರಡು ಇದ್ದರೆ ಸೋಂಕು. ಅಂದೇ ತೋರಿಸಿ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗುವುದುಂಟು. ಅಂಗೈಯ ಹಿಂಬದಿಯಿಂದ ಎರಡೂ ಪಾದಗಳನ್ನು ಮುಟ್ಟಿ ಹೋಲಿಸಿದರೆ ಬಿಸಿ ತಿಳಿಯುತ್ತದೆ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆಯಿರಿ. ಗೆರೆ ದಾಟಿದರೆ, ಅಥವಾ ಕೆಂಪು 2 ಸೆಂ.ಮೀ. ಅಂದರೆ ಸುಮಾರು ಕೈಯ ಹೆಬ್ಬೆರಳಿನ ಅಗಲ ಹರಡಿದರೆ, ದೊಡ್ಡ ಆಸ್ಪತ್ರೆಯೇ ಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟುವುದು, ನಾಡಿ 90ರ ಮೇಲೆ, ಉಸಿರು ನಿಮಿಷಕ್ಕೆ 20ರ ಮೇಲೆ, ನಡುಕ, ಮಂಪರು, ಸಕ್ಕರೆ ಕಾರಣವಿಲ್ಲದೆ ಏರುವುದು ಕಂಡರೆ ರಾತ್ರಿಯಾಗಿದ್ದರೂ ಹೊರಡಿ. ಯಾವಾಗಲೂ ಮರಗಟ್ಟಿದ್ದ ಪಾದದಲ್ಲಿ ಇದ್ದಕ್ಕಿದ್ದಂತೆ ನೋವು ಹುಟ್ಟಿದರೆ ಅದು ಗುಣವಾಗುವ ಲಕ್ಷಣ ಅಲ್ಲ, ಆಳದಲ್ಲಿ ಕೀವು ತುಂಬುತ್ತಿರಬಹುದು. ಕೀವು ತುಂಬಿದ್ದರೆ ಮಾತ್ರೆಯಿಂದ ಆಗದು, ಕೊಯ್ದು ಹೊರಗೆ ಬಿಡಬೇಕು.

ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಅನೇಕ ಹಿರಿಯರಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಬಾರದು. ಕುಟುಂಬಾರೋಗ್ಯ ಕೇಂದ್ರದಲ್ಲಿ, ಮನೆಗೆ ಬರುವ ಪಾಲಿಯೇಟಿವ್ ನರ್ಸಿನ ಬಳಿ ಮಲಯಾಳದಲ್ಲಿ ನಾಲ್ಕು ಮಾತು ಸರಿಯಾಗಿ ಹೇಳಿದರೆ ಕೆಲಸ ಸುಲಭ. ಗಾಯಕ್ಕೆ ಮುರಿವ್, ಕೀವಿಗೆ ಪಳುಪ್ಪ್, ಊತಕ್ಕೆ ನೀರ್, ಮರಗಟ್ಟುವುದಕ್ಕೆ ಮರವಿಪ್ಪ್, ಜ್ವರಕ್ಕೆ ಪನಿ. ಊತದ ಮಾತಿನಲ್ಲಿ ಎಡವಟ್ಟಾಗುವುದು ಹೆಚ್ಚು: ಅವರು “ನೀರ್ ಉಂಡೋ” ಎಂದು ಕೇಳಿದರೆ ಗಾಯದಿಂದ ನೀರು ಬರುತ್ತಿದೆಯೇ ಎಂದಲ್ಲ, ಊದಿದೆಯೇ ಎಂದು. ಮಂಗಳೂರಿನಲ್ಲಿ ತೋರಿಸಿ ಇಲ್ಲಿ ಡ್ರೆಸ್ಸಿಂಗ್ ಮಾಡಿಸುವವರು ಅಲ್ಲಿನ ಚೀಟಿಯ ಜೊತೆ ಕೆರೆದ ದಿನಾಂಕ, ಹಚ್ಚಿದ ಔಷಧಿಯ ಹೆಸರು, ಮುಂದಿನ ಕೆರೆಯುವ ದಿನಾಂಕ ಮೂರನ್ನೂ ಬರೆಸಿ ತನ್ನಿ. ಎರಡು ಆಸ್ಪತ್ರೆಗಳ ನಡುವೆ ಕಳೆದುಹೋಗುವುದು ಹೆಚ್ಚಾಗಿ ಈ ಮೂರನೆಯದು.

ಚರ್ಮ ಮುಚ್ಚಿದ ಮೇಲೂ ಕೆಲಸ ಇದೆ. ಮಾಗಿದ ಹುಣ್ಣುಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಒಂದು ವರ್ಷದೊಳಗೆ ಮತ್ತೆ ತೆರೆಯುತ್ತವೆ. ಹೊಸ ಚರ್ಮ ತೆಳು, ಅದೇ ಜಾಗದಲ್ಲಿ ಆಣಿ ಮೊದಲು ಕಟ್ಟುತ್ತದೆ. ದಿನಾ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು ಅಥವಾ ಮನೆಯವರಿಂದ ನೋಡಿಸಬೇಕು, ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಬೇಕು, ಮೊದಲ ಕೆಲವು ತಿಂಗಳು ನಾಲ್ಕು ವಾರಕ್ಕೊಮ್ಮೆ ಆಣಿ ಕೆತ್ತಿಸಿಕೊಳ್ಳಬೇಕು. ಆಣಿಯೊಳಗೆ ಕಪ್ಪಗೆ ಅಥವಾ ಕೆಂಪಗೆ ಚುಕ್ಕೆ ಕಂಡರೆ ಅಡಿಯಲ್ಲಿ ಆಗಲೇ ರಕ್ತ ಇಳಿದಿದೆ. ಮೇಲೆ ಗಾಯ ಕಾಣದಿದ್ದರೂ ಅದನ್ನು ಹುಣ್ಣೆಂದೇ ತಿಳಿದು ಆ ವಾರವೇ ಹೋಗಿ ಕೆತ್ತಿಸಿ.